ಸಭಾ ಮರ್ಯಾದೆ: ಹೇಳುವವರಿಗೂ ಕೇಳುವವರಿಗೂ ಒಂದು ಪಾಠ



ಈ ಪುಟದಲ್ಲಿ ಗೊಬ್ಬರ, ಮರಗಸಿ, ಕೊಳೆರೋಗ, ಕಾಂಡಕೊರಕ ಇವುಗಳ ವಿಚಾರ ಬರೆಯುವುದು ವಾಡಿಕೆ. ಈ ಸಲ ಸಭೆಯಲ್ಲಿ ಮಾತನಾಡುವ ಕ್ರಮ ಮತ್ತು ಮಾತು ಕೇಳುವ ಕ್ರಮದ ಬಗ್ಗೆ ಬರೆಯಹೊರಟಿದ್ದೇವೆ. ‘ಇದೇನು, ಕಾರ್ಯದರ್ಶಿಗಳು ತೋಟ ಬಿಟ್ಟು ಮೇಷ್ಟ್ರ ಕೆಲಸಕ್ಕೆ ಇಳಿದರು’ ಎಂದು ಕೆಲವರು ನಗಬಹುದು. ನಗಲಿ. ಪೂರ್ತಿ ಓದಿದ ಮೇಲೆ ಇದೂ ಕೊಳೆರೋಗದ ಲೇಖನವೇ ಎಂದು ಅವರಿಗೂ ಅನ್ನಿಸೀತು.

ನಮ್ಮ ಸಂಘದ ಸಭಾಭವನದಲ್ಲಿ ವರ್ಷಕ್ಕೆ ಎಂಟು-ಹತ್ತು ಸಭೆಗಳಾದರೂ ನಡೆಯುತ್ತವೆ. ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಬ್ಯಾಂಕಿನವರು, ವಿಮೆಯವರು, ಔಷಧಿ ಮತ್ತು ಗೊಬ್ಬರದ ಕಂಪನಿಯವರು, ಸ್ಪ್ರೇಯರ್ ಹಾಗೂ ಅಡಿಕೆ ಸುಲಿಯುವ ಯಂತ್ರ ಮಾರುವವರು ಹೀಗೆ ಒಬ್ಬರಾದ ಮೇಲೆ ಒಬ್ಬರು ಬಂದು ತಮ್ಮ ವಿಷಯ ಹೇಳಿ ಹೋಗುತ್ತಾರೆ. ಊಟವೂ ಆಗುತ್ತದೆ, ವಂದನಾರ್ಪಣೆಯೂ ಆಗುತ್ತದೆ. ಆದರೆ ಬಂದವರು ಮನೆಗೆ ಏನನ್ನು ಒಯ್ದರು ಎಂದು ನಾವು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಲೆಕ್ಕ ಹಾಕುವಂತೆ ಮಾಡಿದ್ದು 2018ರ ಒಂದು ಸಭೆ.

ಆ ದಿನ ನಡೆದದ್ದು

2018ರ ಮೇ ತಿಂಗಳು. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಉಪನ್ಯಾಸ ಏರ್ಪಡಿಸಿದ್ದೆವು. ಕರೆಯೋಲೆಯಲ್ಲಿ ಬೆಳಿಗ್ಗೆ ಹತ್ತೂವರೆ ಗಂಟೆ ಎಂದು ಅಚ್ಚಾಗಿತ್ತು. ಸುಮಾರು 120 ಮಂದಿ ಆ ಹೊತ್ತಿಗೇ ಬಂದು ಕುಳಿತಿದ್ದರು. ಮುಖ್ಯ ಅತಿಥಿಗಳ ಕಾರು ಬಂದದ್ದು ಹನ್ನೊಂದೂ ಮುಕ್ಕಾಲಿಗೆ. ಪ್ರಾರ್ಥನೆ, ದೀಪ, ಹಾರ, ಶಾಲು ಎಲ್ಲ ಮುಗಿದು ಸ್ವಾಗತಕ್ಕೆ ಎದ್ದು ನಿಂತವರು ನಾವೇ. ಐದು ನಿಮಿಷ ಎಂದುಕೊಂಡು ನಿಂತೆವು. ಸಂಘದ ಸ್ಥಾಪನೆಯಿಂದ ಹಿಡಿದು ಹೊಸ ಗೋದಾಮಿನ ಮಾಡಿನವರೆಗೆ ಹೇಳಿ ಮುಗಿಸುವಾಗ ಇಪ್ಪತ್ತೆರಡು ನಿಮಿಷವಾಗಿತ್ತೆಂದು ಆಮೇಲೆ ನಮ್ಮ ಗುಮಾಸ್ತರು ತಿಳಿಸಿದರು.

ಉಪನ್ಯಾಸಕರು ವಿಷಯ ಚೆನ್ನಾಗಿ ಬಲ್ಲವರು. ಆದರೆ ಅವರು ತಂದದ್ದು ಅರವತ್ತು ಸ್ಲೈಡು. ಬರಹವೆಲ್ಲ ಇಂಗ್ಲಿಷಿನಲ್ಲಿ. ದೀಪ ಆರಿಸಿದ ಮೇಲೆ ರೋಗಾಣುವಿನ ಹುಟ್ಟು, ಬೆಳವಣಿಗೆ, ಅದರ ವಂಶಾವಳಿ ಎಂದು ಇಪ್ಪತ್ತು ಚಿತ್ರಗಳು ಹೋದವು. ನಡುವೆ ವಯಸ್ಸಾದ ಒಬ್ಬ ಗೌಡರು ಎದ್ದು, ‘ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯುವುದೋ, ತುತ್ತದ ನೀರಿಗೆ ಸುಣ್ಣದ ನೀರೋ?’ ಎಂದು ಕೇಳಿದರು. ಮುಂದಿನ ಸಾಲಿನಿಂದ ಯಾರೋ, ‘ಇಷ್ಟು ವರ್ಷ ಏನು ಹೊಡೀತಿದ್ರಿ ಗೌಡ್ರೇ, ಮಜ್ಜಿಗೆಯಾ?’ ಅಂದರು. ಸಭೆ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲಿದ್ದ ನಾವೂ ನಕ್ಕೆವು. ಗೌಡರು ಕುಳಿತುಬಿಟ್ಟರು. ಅವರ ಪ್ರಶ್ನೆಗೆ ಉತ್ತರ ಬರಲೇ ಇಲ್ಲ.

ಆಮೇಲೆ ಇನ್ನೊಬ್ಬ ಸದಸ್ಯರು ಎದ್ದು, ಗೊಬ್ಬರದ ದಾಸ್ತಾನು ಸಕಾಲಕ್ಕೆ ಬರುವುದಿಲ್ಲವೆಂದು ತೊಡಗಿದವರು ಸಾಲದ ಬಡ್ಡಿ, ಕಾಡುಕೋಣದ ಉಪಟಳ, ರಸ್ತೆಯ ಗುಂಡಿ ಇವನ್ನೆಲ್ಲ ದೂರದಿಂದ ಬಂದ ಆ ಉಪನ್ಯಾಸಕರ ತಲೆಗೇ ಕಟ್ಟಿದರು. ಅವರು ಹೇಳಿದ್ದೆಲ್ಲ ನಿಜವೇ. ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ನಾವು, ಅತಿಥಿಯಲ್ಲ. ಇಷ್ಟಾಗುವಾಗ ಒಂದೂವರೆ ಗಂಟೆ. ಹಿಂದುಗಡೆಯಿಂದ ಸಾರಿನ ಪರಿಮಳ ಬರತೊಡಗಿತು, ಕುರ್ಚಿಗಳು ಸದ್ದು ಮಾಡತೊಡಗಿದವು. ಉಪನ್ಯಾಸಕರು ಉಳಿದ ಹದಿನೈದು ಸ್ಲೈಡುಗಳನ್ನು ಐದು ನಿಮಿಷದಲ್ಲಿ ಓಡಿಸಿದರು. ಬೋರ್ಡೋ ದ್ರಾವಣವನ್ನು ಯಾವ ಪ್ರಮಾಣದಲ್ಲಿ ತಯಾರಿಸಬೇಕೆಂಬ ಸ್ಲೈಡು ಆ ಹದಿನೈದರಲ್ಲಿ ಒಂದು. ‘ಒಂದು, ಒಂದು, ನೂರು. ಇದು ನಿಮಗೆಲ್ಲ ಗೊತ್ತಿದ್ದದ್ದೇ’ ಎಂದು ಹೇಳಿ ಅವರು ಮುಂದಕ್ಕೆ ಹೋದರು.

ಆಗಸ್ಟಿನಲ್ಲಿ ಕಂಡದ್ದು

ಆಗಸ್ಟಿನಲ್ಲಿ ಮಳೆ ಸ್ವಲ್ಪ ಹೊಳವಾದ ಒಂದು ದಿನ, ಸಾಲದ ನವೀಕರಣದ ಕೆಲಸಕ್ಕೆಂದು ಸದಸ್ಯೆಯೊಬ್ಬರ ತೋಟಕ್ಕೆ ಹೋಗಿದ್ದೆವು. ಒಂದೂವರೆ ಎಕರೆ ಅಡಿಕೆ. ಯಜಮಾನರು ತೀರಿಕೊಂಡು ವರ್ಷ ತುಂಬಿರಲಿಲ್ಲ. ತೋಟದ ವ್ಯವಹಾರ ಆಕೆಯ ಕೈಗೆ ಬಂದ ಮೊದಲ ಮಳೆಗಾಲ ಅದು. ಬುಡದಲ್ಲೆಲ್ಲ ಹಸಿ ಕಾಯಿ ಉದುರಿ ಬಿದ್ದಿತ್ತು. ಹೆಕ್ಕಿ ರಾಶಿ ಹಾಕಿದ್ದ ಉದುರಿನ ಮೇಲೆ ಬಿಳಿ ಬೂಸ್ಟು.

‘ಔಷಧಿ ಹೊಡೆಸಲಿಲ್ಲವೇ ತಂಗೀ?’ ಎಂದು ಕೇಳಿದೆವು.

‘ಎರಡು ಸಲ ಹೊಡೆಸಿದ್ದೇನೆ ಅಣ್ಣಾ.’

‘ಡ್ರಮ್ಮಿಗೆ ತುತ್ತ ಎಷ್ಟು ಹಾಕಿದಿರಿ?’

‘ಒಂದು ಕೆ.ಜಿ. ಸುಣ್ಣವೂ ಒಂದು ಕೆ.ಜಿ. ಮೀಟಿಂಗಿನಲ್ಲಿ ಒಂದು, ಒಂದು ಅಂತಲೇ ಹೇಳಿದ್ರಲ್ಲ.’

ಅಂಗಳದ ಮೂಲೆಯಲ್ಲಿದ್ದ ಡ್ರಮ್ಮು 200 ಲೀಟರಿನದು. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕೆ.ಜಿ. ಬೇಕು. ಆಕೆ ಹೊಡೆಸಿದ್ದು ಅರ್ಧ ಬಲದ ಔಷಧಿ. ಹೊಡೆಯಲು ಬಂದ ಕೊನೆಗೌಡನಿಗಾದರೂ ತಿಳಿಯಬಾರದಿತ್ತೇ ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ‘ಮನೆಯವರು ಅಳೆದು ಕೊಟ್ಟದ್ದನ್ನು ಹೊಡೆದೆ’ ಅಂದ. ಅವನ ಮಾತೂ ನ್ಯಾಯವೇ.

2018ರ ಮಳೆ ಎಂಥದ್ದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸರಿಯಾದ ಪ್ರಮಾಣದಲ್ಲಿ ಹೊಡೆಸಿದವರ ತೋಟದಲ್ಲೂ ಆ ವರ್ಷ ಕೊಳೆ ಬಂದಿತ್ತು. ಹೀಗಿರುವಾಗ ಆಕೆಯ ನಷ್ಟವನ್ನೆಲ್ಲ ಆ ಸಭೆಯ ಲೆಕ್ಕಕ್ಕೇ ಬರೆಯುವುದು ತಪ್ಪಾದೀತು. ಆದರೆ ಹೊರಡುವಾಗ ಆಕೆ ಹೇಳಿದ ಮಾತು ಮಾತ್ರ ನಮ್ಮ ಲೆಕ್ಕಕ್ಕೇ ಸೇರಿದ್ದು. ‘ಡ್ರಮ್ಮಿನ ಲೆಕ್ಕವೋ ಅಲ್ಲವೋ ಅಂತ ಅನುಮಾನ ಬಂದಿತ್ತು ಅಣ್ಣಾ. ಕೇಳೋಣ ಅಂತ ಏಳುವುದರಲ್ಲಿದ್ದೆ. ಆ ಗೌಡ್ರಿಗೇ ಹಾಗೆ ನಕ್ಕ ಮೇಲೆ ನನಗೆ ಇನ್ನೇನು ಅಂದಾರೋ ಅಂತ ಸುಮ್ಮನೆ ಕೂತೆ.’

ಸಭಾ ಮರ್ಯಾದೆ ಎಂದರೆ ಹಾರ, ಶಾಲು, ‘ಮಾನ್ಯರೇ, ಗಣ್ಯರೇ’ ಎಂಬ ಸಂಬೋಧನೆ ಎಂದೇ ನಾವು ಅಲ್ಲಿಯವರೆಗೆ ತಿಳಿದಿದ್ದೆವು. ಹಿಂದಿನ ಸಾಲಿನಲ್ಲಿ ಕುಳಿತ, ಕೇಳಲು ಅಂಜುವ ಒಬ್ಬರು ಅಂಜದೆ ಕೇಳಿ, ಬೇಕಾದ ಉತ್ತರವನ್ನು ಮನೆಗೆ ಒಯ್ಯುವಂತಾದರೆ ಅದೇ ಸಭಾ ಮರ್ಯಾದೆ. ಉಳಿದ ನಿಯಮಗಳೆಲ್ಲ ಈ ಒಂದರಿಂದ ಹುಟ್ಟುವಂಥವು.

ಬಾಯಿಂದ ಕಿವಿಗೆ ಬಂದ ವಿದ್ಯೆ

ನಮ್ಮ ಕೃಷಿಯಲ್ಲಿ ವಿದ್ಯೆ ಹೆಚ್ಚಾಗಿ ಬಂದದ್ದು ಬಾಯಿಂದ ಕಿವಿಗೆ. ಅಜ್ಜಂದಿರ ಕಾಲದಲ್ಲಿ ಕೊಳೆಗೆ ಅಂಜಿ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಪಡಿಸಿದ ತುತ್ತ-ಸುಣ್ಣದ ದ್ರಾವಣ ಆಮೇಲೆ ನಮ್ಮ ಕಡೆಗೂ ಬಂತು. ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಹೊರತಂದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ, ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರಲ್ಲಿ ಆರಂಭವಾದವು. ಅಲ್ಲಿನ ವರದಿಗಳನ್ನು ಓದಿ ಔಷಧಿ ಕಲಸಲು ಕಲಿತವರು ನಮ್ಮಲ್ಲಿ ಎಷ್ಟು ಮಂದಿ? ಯಾರೋ ಒಬ್ಬರು ಎಲ್ಲೋ ಒಂದು ಸಭೆಯಲ್ಲಿ ಹೇಳಿದರು, ಇನ್ನೊಬ್ಬರು ಕೇಳಿದರು, ಮೂರನೆಯವರು ಬೇಲಿಯಾಚೆಯಿಂದ ನೋಡಿ ಕಲಿತರು. ಹೀಗೆ ಬರುವ ವಿದ್ಯೆ ಹೇಳುವ ಕಡೆ ಒಂದಂಗುಲ ತಪ್ಪಿದರೆ ತೋಟದ ಕಡೆ ಒಂದು ಮಾರು ತಪ್ಪುತ್ತದೆ.

ಸಭೆ ಕರೆಯುವವರಿಗೆ

ಮೊದಲು ನಮ್ಮ ತಟ್ಟೆಯಲ್ಲಿ ಬಿದ್ದಿರುವುದನ್ನೇ ನೋಡೋಣ. ಹತ್ತೂವರೆಗೆ ಬಂದ 120 ಮಂದಿಯನ್ನು ಎಪ್ಪತ್ತೈದು ನಿಮಿಷ ಕಾಯಿಸಿದೆವು. ಒಟ್ಟು 9000 ನಿಮಿಷ, ಅಂದರೆ 150 ಗಂಟೆ. ಎಂಟು ಗಂಟೆಯ ಆಳಿನ ಲೆಕ್ಕದಲ್ಲಿ ಸುಮಾರು ಹತ್ತೊಂಬತ್ತು ಆಳು. ಹತ್ತೊಂಬತ್ತು ಆಳಿಗೆ ಸಂಬಳ ಕೊಟ್ಟು ಸಂಘದ ಜಗುಲಿಯಲ್ಲಿ ಸುಮ್ಮನೆ ಕೂರಿಸಿದರೆ ಲೆಕ್ಕ ಪರಿಶೋಧಕರು ಬಿಟ್ಟಾರೆಯೇ? ಆದ್ದರಿಂದ ಹೇಳಿದ ಹೊತ್ತಿಗೆ ಸಭೆ ಶುರುವಾಗಬೇಕು. ಮುಖ್ಯ ಅತಿಥಿಗಳು ತಡವಾದರೆ ಉಪನ್ಯಾಸ ನಡೆಯುತ್ತಿರಲಿ. ಬಂದ ಮೇಲೆ ಅವರೂ ಕುಳಿತು ಕೇಳಲಿ. ಅದರಿಂದ ಅವರ ಗೌರವಕ್ಕೆ ಕುಂದೇನೂ ಬರದು.

ದಿನ ಗೊತ್ತು ಮಾಡುವಾಗ ಕಾಫಿ ಕೊಯ್ಲು, ಅಡಿಕೆ ಸುಗ್ಗಿ ಎರಡನ್ನೂ ನೋಡಿಕೊಳ್ಳಬೇಕು. ಕೊನೆಯ ಬಸ್ಸಿನ ಹೊತ್ತನ್ನೂ ನೋಡಿಕೊಳ್ಳಬೇಕು. ಉಪನ್ಯಾಸಕರಿಗೆ ‘ಬಂದು ನಾಲ್ಕು ಮಾತು ಹೇಳಿ’ ಎಂದು ಕರೆದರೆ ಅವರು ನಾಲ್ಕು ಊರಿನಲ್ಲಿ ಹೇಳಿದ್ದನ್ನೇ ಐದನೆಯ ಊರಿನಲ್ಲೂ ಹೇಳುತ್ತಾರೆ. ಅದರ ಬದಲು ಒಂದು ಕಾಗದ ಬರೆಯೋಣ: ನಮ್ಮವರ ಹಿಡುವಳಿ ಇಷ್ಟು, ಬೆಳೆ ಇಂಥವು, ಡ್ರಮ್ಮು 200 ಲೀಟರಿನದು, ಹೊಸದಾಗಿ ತೋಟ ನೋಡಿಕೊಳ್ಳುತ್ತಿರುವವರೂ ಬರುತ್ತಾರೆ, ನಿಮಗೆ ನಲವತ್ತು ನಿಮಿಷ, ಪ್ರಶ್ನೆಗಳಿಗೆ ಮೂವತ್ತು ನಿಮಿಷ. ಸ್ವಾಗತ ಮೂರು ನಿಮಿಷ ಮೀರಬಾರದು. ಸಂಘದ ಇತಿಹಾಸ ಹೇಳಲು ವಾರ್ಷಿಕ ವರದಿ ಇದ್ದೇ ಇದೆ.

ಮೈಕನ್ನು ಮೊದಲೇ ಕೊನೆಯ ಸಾಲಿನಲ್ಲಿ ನಿಂತು ಕೇಳಿ ನೋಡಬೇಕು. ಹೆಂಗಸರಿಗೆಂದು ಬಾಗಿಲ ಬಳಿ, ಕಂಬದ ಹಿಂದೆ ಎರಡು ಸಾಲು ಬಿಡುವ ಪದ್ಧತಿಯನ್ನು ನಿಲ್ಲಿಸಬೇಕು. ತೋಟದ ಲೆಕ್ಕ ಇಡುವವರು ಯಾರೋ ಅವರಿಗೆ ಪರದೆ ಕಾಣಬೇಡವೇ?

ಹೇಳುವವರಿಗೆ

ನಾವು ಕೇಳಿದ ಒಂದು ಒಳ್ಳೆಯ ಉಪನ್ಯಾಸದ ನೆನಪಿನಿಂದ ತೊಡಗುತ್ತೇವೆ. ವಿಷಯ ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ. ಬಂದವರು ಒಂದೂ ಸ್ಲೈಡು ತೋರಿಸಲಿಲ್ಲ. ಕೊರಕ ಹಿಡಿದ ಒಂದು ಬೊಡ್ಡೆಯನ್ನು ಉದ್ದಕ್ಕೆ ಸೀಳಿಸಿ ತಂದಿದ್ದರು. ಅದನ್ನು ಮೊದಲ ಸಾಲಿಗೆ ಕೊಟ್ಟು, ‘ಕೈಯಿಂದ ಕೈಗೆ ದಾಟಿಸಿ, ಬೆರಳಿಟ್ಟು ನೋಡಿ’ ಅಂದರು. ಹುಳು ಕೊರೆದ ದಾರಿ, ಅದರಲ್ಲಿ ಗಟ್ಟಿಯಾಗಿ ತುಂಬಿದ ಹುಡಿ, ತೊಗಟೆಯ ಮೇಲೆ ಎದ್ದ ಏಣು ಎಲ್ಲವನ್ನೂ ಪ್ರತಿಯೊಬ್ಬರೂ ಮುಟ್ಟಿ ನೋಡಿದರು. ಆಮೇಲೆ ಅವರು ಹೇಳಿದ್ದು ಮೂರೇ ಮಾತು. ನೆರಳು ತೆಳುವಾಗಲು ಬಿಡಬೇಡಿ. ದುಂಬಿ ಹಾರುವ ಕಾಲ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಅದಕ್ಕೆ ಮುಂಚೆಯೇ ಕೊರಕ ಹಿಡಿದ ಗಿಡಗಳನ್ನು ಗುರುತಿಸಿ ಕಿತ್ತು ಸುಡಿ. ಬೊಡ್ಡೆಯ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯಿರಿ, ದುಂಬಿ ಮೊಟ್ಟೆ ಇಡಲು ಬಿರುಕು ಸಿಗಬಾರದು. ಇಪ್ಪತ್ತೈದು ನಿಮಿಷದಲ್ಲಿ ಮಾತು ಮುಗಿಯಿತು. ಆ ಮೂರು ಮಾತು ನಮಗೆ ಇಂದಿಗೂ ನೆನಪಿದೆ. ಅರವತ್ತು ಸ್ಲೈಡಿನ ಉಪನ್ಯಾಸದಲ್ಲಿ ನಮಗೆ ನೆನಪಿರುವುದು ಅರವತ್ತು ಎಂಬ ಸಂಖ್ಯೆ ಮಾತ್ರ.

ಆದಕಾರಣ ಹೇಳುವವರಲ್ಲಿ ನಮ್ಮ ಬಿನ್ನಹ ಇಷ್ಟು:

1. ಬಲ್ಲದ್ದನ್ನೆಲ್ಲ ಹೇಳಬೇಡಿ, ಬೇಕಾದದ್ದನ್ನು ಹೇಳಿ. ರೈತ ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸ ಮೊದಲು ಬರಲಿ. ರೋಗಾಣುವಿನ ವಂಶಾವಳಿ ಹೊತ್ತು ಉಳಿದರೆ ಬರಲಿ.

2. ನಮ್ಮ ಅಳತೆಯಲ್ಲಿ ಹೇಳಿ. ಶೇಕಡಾ ಒಂದು ಎಂದರೆ ಸಾಲದು, ಡ್ರಮ್ಮಿಗೆ ಎರಡು ಕೆ.ಜಿ. ಎನ್ನಬೇಕು. ಹೆಕ್ಟೇರಿಗೆ ಇಷ್ಟು ಎಂದರೆ ಸಾಲದು. ಒಂದು ಹೆಕ್ಟೇರಿಗೆ 2.47 ಎಕರೆ, ಆ ಭಾಗಾಕಾರವನ್ನು ಸಭೆಯಲ್ಲಿ ಕುಳಿತವರ ತಲೆಗೆ ಬಿಡದೆ ಮನೆಯಲ್ಲೇ ಮಾಡಿಕೊಂಡು ಬನ್ನಿ. ಎಕರೆಗೆ ಖರ್ಚು ಎಷ್ಟು, ಆಳು ಎಷ್ಟು ಎಂಬುದನ್ನೂ ಹೇಳಿ. ಖರ್ಚು ಹೇಳದ ಸಲಹೆ ಬೆಲೆ ಹೇಳದ ಅಂಗಡಿಯ ಹಾಗೆ.

3. ‘ಇದು ನಿಮಗೆಲ್ಲ ಗೊತ್ತಿದ್ದದ್ದೇ’ ಎಂಬ ಮಾತನ್ನು ಬಿಟ್ಟುಬಿಡಿ. ಗೊತ್ತಿಲ್ಲದವನು ಆ ಮಾತು ಕೇಳಿದ ಮೇಲೆ ಬಾಯಿ ತೆರೆಯಲಾರ. ಗೊತ್ತಿದ್ದವನಿಗೆ ಇನ್ನೊಮ್ಮೆ ಕೇಳಿದರೆ ನಷ್ಟವಿಲ್ಲ.

4. ಕನ್ನಡದಲ್ಲಿ ಹೇಳಿ. ಕನ್ನಡ ಬಾರದವರು ಬಂದರೆ ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, ಅನುವಾದ ಮಾಡುವವರಿಗೆ ಎಡೆ ಕೊಡಬೇಕು. ಅನುವಾದ ಇದ್ದಾಗ ವಿಷಯವನ್ನು ಅರ್ಧ ಮಾಡಿಕೊಂಡು ಬರುವುದು ಜಾಣತನ.

5. ಸ್ಲೈಡು ತೋರಿಸುವುದಾದರೆ ಕೊನೆಯ ಸಾಲಿಗೆ ಕಾಣುವ ಅಕ್ಷರದಲ್ಲಿರಲಿ. ಪರದೆಗೆ ಮುಖ ಮಾಡಿ ಓದಬೇಡಿ. ಪ್ರಮಾಣದ ಪಟ್ಟಿಯನ್ನು ಎಲ್ಲರೂ ಬರೆದುಕೊಳ್ಳುವವರೆಗೆ ಬದಲಿಸಬೇಡಿ. ಅದನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಿದರೆ ಇನ್ನೂ ಒಳ್ಳೆಯದು, ಆ ಖರ್ಚು ಸಂಘದ್ದು.

6. ಪ್ರಶ್ನೆ ಬಂದಾಗ ಮೊದಲು ಅದನ್ನು ಮೈಕಿನಲ್ಲಿ ಇನ್ನೊಮ್ಮೆ ಹೇಳಿ, ಆಮೇಲೆ ಉತ್ತರ ಕೊಡಿ. ಪ್ರಶ್ನೆ ಕೇಳಿಸದವರಿಗೆ ಉತ್ತರ ಕೇಳಿಸಿ ಪ್ರಯೋಜನವಿಲ್ಲ.

7. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ನಮ್ಮ ಸದಸ್ಯರು ಕೇಳಿದ ಒಂದು ಪ್ರಶ್ನೆಗೆ ಅತಿಥಿಗಳೊಬ್ಬರು, ‘ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ವಿಚಾರಿಸಿ ಬರೆಯುತ್ತೇನೆ’ ಅಂದರು. ಹದಿನೈದು ದಿನದಲ್ಲಿ ಕಾಗದ ಬಂತು. ಅಂದಿನಿಂದ ಅವರ ಮಾತಿಗೆ ನಮ್ಮಲ್ಲಿರುವ ಬೆಲೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಮಾರಲು ಬಂದವರಿಗೆ

ಔಷಧಿಯನ್ನೋ ಯಂತ್ರವನ್ನೋ ಮಾರಲು ಬರುವವರ ವಿಷಯ ಸ್ವಲ್ಪ ಬೇರೆ. ಮಾರುವುದು ತಪ್ಪಲ್ಲ, ನಾವೂ ಕಾಫಿ, ಅಡಿಕೆ ಮಾರಿ ಬದುಕುವವರೇ. ಆದರೆ ಬೇಹಾರಕ್ಕೆ ಬಂದವರು ಬೇಹಾರಕ್ಕೆ ಬಂದಿದ್ದೇವೆ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ವಿಚಾರ ಸಂಕಿರಣ ಎಂದು ಕರೆದು ಮುಕ್ಕಾಲು ಗಂಟೆ ಮಣ್ಣಿನ ಆರೋಗ್ಯ ಹೇಳಿ, ಕೊನೆಗೆ ಡಬ್ಬಿ ಹೊರತೆಗೆಯುವುದು ಮರ್ಯಾದೆಯಲ್ಲ. ಎದುರು ಕಂಪನಿಯ ಮಾಲನ್ನು ಹಳಿದು ತಮ್ಮ ಮಾಲನ್ನು ಏರಿಸುವುದೂ ಮರ್ಯಾದೆಯಲ್ಲ.

ಇಂಥ ಸಭೆಗಳಲ್ಲಿ ಸದಸ್ಯರು ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸ ಇಟ್ಟುಕೊಳ್ಳಲಿ. ಈ ಔಷಧಿಗೆ ನಮ್ಮ ಬೆಳೆಯ ಮೇಲೆ ಬಳಸಲು ಅನುಮತಿ ಇದೆಯೇ? ಪ್ರಯೋಗ ಎಲ್ಲಿ, ಎಷ್ಟು ವರ್ಷ ಮಾಡಿದಿರಿ? ಎಕರೆಗೆ ಎಷ್ಟು ಖರ್ಚು? ಹೊಡೆದ ಎಷ್ಟು ದಿನದ ಮೇಲೆ ಕೊಯ್ಯಬಹುದು? 1968ರ ಕೀಟನಾಶಕ ಕಾಯಿದೆ ಬಂದ ಮೇಲೆ, ಯಾವ ಬೆಳೆಗೆ ಎಷ್ಟು ಪ್ರಮಾಣ ಎಂಬುದನ್ನು ಡಬ್ಬಿಯ ಜೊತೆಗಿನ ಪತ್ರಿಕೆಯಲ್ಲಿ ಅಚ್ಚು ಹಾಕುವ ಕ್ರಮ ಬಂದಿದೆ. ಆ ಪತ್ರಿಕೆಯನ್ನು ಕೇಳಿ ಪಡೆದು ಓದುವುದು ಅನುಮಾನದ ಕೆಲಸವಲ್ಲ, ವ್ಯವಹಾರದ ಕ್ರಮ. ಈ ನಾಲ್ಕು ಪ್ರಶ್ನೆಗಳನ್ನು ಮೆಲುದನಿಯಲ್ಲಿ ಕೇಳಬಹುದು. ಸರಿಯಾದ ಮಾಲು ತಂದವರು ಇವಕ್ಕೆ ಸಂತೋಷದಿಂದಲೇ ಉತ್ತರಿಸುತ್ತಾರೆ. ಇನ್ನು ಉಚಿತ ಚೀಲ, ಟೋಪಿ ಕೈಗೆ ಬಂದೊಡನೆ ಎದ್ದು ಹೋಗುವ ನಮ್ಮವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವರಿಗೇ ಗೊತ್ತು.

ಕೇಳುವವರಿಗೆ

ಸಭಿಕರ ಮರ್ಯಾದೆ ಎಂದರೆ ಬಾಯಿ ಮುಚ್ಚಿ ಕೂರುವುದಲ್ಲ. ಕೇಳದ ಸಭೆಯ ಎದುರು ಹೇಳುವವನ ಉತ್ಸಾಹವೂ ಆರಿಹೋಗುತ್ತದೆ. ಹೊತ್ತಿಗೆ ಸರಿಯಾಗಿ ಬಂದು ಮುಂದಿನ ಸಾಲು ತುಂಬಿಸುವುದರಿಂದ ನಮ್ಮ ಕರ್ತವ್ಯ ತೊಡಗುತ್ತದೆ. ಗೋಡೆಗೆ ಒರಗುವ ಜಾಗಕ್ಕೆ ಪೈಪೋಟಿ ನಡೆದು ಮುಂದಿನ ಮೂರು ಸಾಲು ಖಾಲಿ ಉಳಿಯುವುದನ್ನು ಎಷ್ಟು ಸಭೆಗಳಲ್ಲಿ ನೋಡಿಲ್ಲ! ಬೇಗ ಹೋಗಬೇಕಾದವರು ಬಾಗಿಲ ಬಳಿ ಕುಳಿತರೆ ಯಾರಿಗೂ ತೊಂದರೆಯಿಲ್ಲ. ಮೊಬೈಲು ಸದ್ದು ಮಾಡದಂತಿರಲಿ. ಕರೆ ಬಂದರೆ ಹೊರಗೆ ಹೋಗಿ ಮಾತನಾಡಿ. ‘ಮೀಟಿಂಗಿನಲ್ಲಿ ಇದ್ದೇನೆ’ ಎಂದು ಇಡೀ ಮೀಟಿಂಗಿಗೆ ಕೇಳಿಸುವಂತೆ ಹೇಳುವ ಅಗತ್ಯವಿಲ್ಲ.

ಪ್ರಶ್ನೆಗೂ ಭಾಷಣಕ್ಕೂ ವ್ಯತ್ಯಾಸವಿದೆ. ಪ್ರಶ್ನೆ ಅರ್ಧ ನಿಮಿಷದಲ್ಲಿ ಮುಗಿಯಬೇಕು ಮತ್ತು ಅದರ ಉತ್ತರ ಕೇಳುವವರಿಗೆ ನಿಜವಾಗಿ ಬೇಕಾಗಿರಬೇಕು. ತನ್ನ ತಿಳಿವಳಿಕೆ ತೋರಿಸಲು ಕೇಳುವ ಪ್ರಶ್ನೆ, ಅತಿಥಿಯನ್ನು ಸಿಕ್ಕಿಸಲು ಒಡ್ಡುವ ಪ್ರಶ್ನೆ ಇವೆರಡೂ ಇತರರ ಹೊತ್ತನ್ನು ತಿನ್ನುತ್ತವೆ. ಒಬ್ಬರಿಗೆ ಒಂದೇ ಪ್ರಶ್ನೆ. ಎಲ್ಲರದ್ದೂ ಆದ ಮೇಲೆ ಎರಡನೆಯದು. ನಿಮ್ಮ ತೋಟದ ಒಂದು ಮರದ ಸಂಗತಿಯಾದರೆ ಊಟದ ಹೊತ್ತಿನಲ್ಲಿ ವಿಚಾರಿಸಿ.

ಸಂಘದ ಮೇಲಿನ ದೂರು ಇದ್ದರೆ ಅದಕ್ಕೆ ಜಾಗ ಬೇರೆ ಇದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ ಪ್ರಕಾರ ನಡೆಯುವ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ನಿಮ್ಮ ಮುಂದೆ ಬರುತ್ತದೆ. ಅಲ್ಲಿ ನಮ್ಮನ್ನು ಎಷ್ಟು ಗಟ್ಟಿಯಾಗಿ ಬೇಕಾದರೂ ಕೇಳಿ. ಕೇಳುವುದು ನಿಮ್ಮ ಹಕ್ಕು, ಉತ್ತರಿಸುವುದು ನಮ್ಮ ಕರ್ತವ್ಯ. ಆದರೆ ಮನೆಯ ಜಗಳವನ್ನು ನೆಂಟರ ಮುಂದೆ ಆಡಿದರೆ ಜಗಳವೂ ತೀರುವುದಿಲ್ಲ, ನೆಂಟರೂ ಮತ್ತೆ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಯಾರ ಪ್ರಶ್ನೆಗೂ ನಗಬೇಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಂದು ಆ ಒಂದು ನಗೆಯಿಂದ ಎರಡು ಪ್ರಶ್ನೆಗಳು ಹೋದವು. ಒಂದು ಗೌಡರದ್ದು, ಇನ್ನೊಂದು ಏಳದೆಯೇ ಉಳಿದದ್ದು. ಗೌಡರ ಪ್ರಶ್ನೆ ನಗುವಂಥದ್ದೂ ಆಗಿರಲಿಲ್ಲ. ತುತ್ತವನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಉಳಿದರ್ಧ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿಕೊಂಡು, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ದು ಕದಡಬೇಕು. ತುತ್ತ ಕರಗಿಸಲು ಕಬ್ಬಿಣದ ಪಾತ್ರೆ ಕೂಡದು. ಕಲಸಿದ ಮೇಲೆ ಉಜ್ಜಿದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಕಲಸಿದ ದ್ರಾವಣವನ್ನು ಅದೇ ದಿನ ಹೊಡೆದು ಮುಗಿಸಬೇಕು. ಗೌಡರಿಗೆ ಕೊಡಬೇಕಾಗಿದ್ದ ಉತ್ತರವನ್ನು ವರ್ಷಗಳು ಕಳೆದ ಮೇಲೆ ಇಲ್ಲಿ ಕೊಟ್ಟಿದ್ದೇವೆ, ಕ್ಷಮಿಸಬೇಕು.

ಅಧ್ಯಕ್ಷರಿಗೆ

ನಮ್ಮ ಕಡೆ ತಾಳಮದ್ದಳೆ ಕೇಳದವರಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಅರ್ಥಧಾರಿ ಎಷ್ಟು ದೊಡ್ಡವನಾದರೂ ಎದುರು ಕುಳಿತವನ ಮಾತಿಗೆ ಎಡೆ ಬಿಟ್ಟೇ ತನ್ನ ಅರ್ಥ ಹೇಳಬೇಕು. ಎಡೆ ಬಿಡದೆ ಒಬ್ಬನೇ ಮಾತನಾಡಿದರೆ ಪ್ರಸಂಗ ಮುಂದೆ ಹೋಗದು. ಮಾತು ಬೆಳೆಯಿತು ಎನ್ನಿಸಿದಾಗ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಅದರಿಂದ ಅರ್ಥಧಾರಿಗೆ ಅವಮಾನವಾಯಿತೆಂದು ಯಾರೂ ಭಾವಿಸುವುದಿಲ್ಲ. ಹೊತ್ತು ನೋಡಿ ಪ್ರಸಂಗ ದಾಟಿಸುವುದು ಭಾಗವತರ ಅಧಿಕಾರವೆಂದು ಎಲ್ಲರೂ ಒಪ್ಪಿಕೊಂಡಿರುತ್ತಾರೆ.

ನಮ್ಮ ಸಭೆಗಳ ಅಧ್ಯಕ್ಷರು ಭಾಗವತರಾಗಬೇಕು. ಈಗ ಅವರು ಹಾರ ಹಾಕಿಸಿಕೊಂಡು, ಕೊನೆಯಲ್ಲಿ ‘ಎಲ್ಲವನ್ನೂ ಎಲ್ಲರೂ ಹೇಳಿದ್ದಾರೆ, ನನಗೆ ಹೇಳಲು ಏನೂ ಉಳಿದಿಲ್ಲ’ ಎಂದು ತೊಡಗಿ ಅರ್ಧ ಗಂಟೆ ಹೇಳುವುದೇ ಹೆಚ್ಚು. ಹೇಳುವವರು ಹೊತ್ತು ಮೀರಿದಾಗ ಚೀಟಿ ಕೊಡುವುದು, ಪ್ರಶ್ನೆ ಭಾಷಣವಾದಾಗ ತಡೆಯುವುದು, ನಗೆ ಎದ್ದಾಗ ‘ಪ್ರಶ್ನೆ ಸರಿಯಾಗಿದೆ, ಉತ್ತರ ಬರಲಿ’ ಎನ್ನುವುದು ಅವರ ಕೆಲಸ. ಅಂದು ವೇದಿಕೆಯಿಂದ ಆ ಒಂದು ಮಾತು ಬಂದಿದ್ದರೆ ಸಾಕಿತ್ತು. ಅಧ್ಯಕ್ಷರನ್ನು ಮಾತ್ರ ದೂರುತ್ತಿಲ್ಲ. ಅವರ ಪಕ್ಕದ ಕುರ್ಚಿಯಲ್ಲೇ ನಾವೂ ಇದ್ದೆವು.

ಈಗ ನಡೆಯುತ್ತಿರುವುದು

ಆ ಬಳಿಕ ನಮ್ಮ ಸಭೆಗಳಲ್ಲಿ ಕೆಲವು ಬದಲಾವಣೆ ಮಾಡಿದ್ದೇವೆ. ಪ್ರತಿ ಕುರ್ಚಿಯ ಮೇಲೆ ಒಂದು ಖಾಲಿ ಚೀಟಿ ಇಡುತ್ತೇವೆ. ಎದ್ದು ಕೇಳಲು ಸಂಕೋಚವಿದ್ದವರು ಬರೆದು ಕೊಡಬಹುದು, ಹೆಸರು ಬೇಕಾಗಿಲ್ಲ. ಚೀಟಿಯ ಪ್ರಶ್ನೆಗಳಿಗೆ ಮೊದಲು ಉತ್ತರ, ಎದ್ದು ನಿಂತವರಿಗೆ ಆಮೇಲೆ. ಹೇಳುವವರಿಗೆ ಕಾಣುವಂತೆ ಎದುರು ಗೋಡೆಗೆ ಗಡಿಯಾರ ಹಾಕಿಸಿದ್ದೇವೆ. ಔಷಧಿ ಕಲಸುವ ವಿಷಯವಿದ್ದರೆ ಭವನದ ಒಳಗೆ ಮಾತು ಕಡಿಮೆ ಮಾಡಿ, ಅಂಗಳದ ಡ್ರಮ್ಮಿನ ಸುತ್ತ ನಿಂತು ಕಲಸಿ ತೋರಿಸುತ್ತೇವೆ.

ಹೀಗೆ ಅಂಗಳದಲ್ಲಿ ನಡೆದ ಒಂದು ಪ್ರಾತ್ಯಕ್ಷಿಕೆಗೆ ಆ ತಂಗಿಯೂ ಬಂದಿದ್ದರು. ಅತಿಥಿಗಳು ಹೊಸದೊಂದು ಪುಡಿಯ ಪ್ರಮಾಣ ಹೇಳಿ ಮುಂದಕ್ಕೆ ಹೋಗುವುದರಲ್ಲಿದ್ದರು. ಆಕೆ ಹಿಂದಿನಿಂದ, ‘ಇದು ನೂರು ಲೀಟರಿನ ಲೆಕ್ಕವೋ, ಡ್ರಮ್ಮಿನ ಲೆಕ್ಕವೋ?’ ಎಂದು ಕೇಳಿದರು. ಯಾರೂ ನಗಲಿಲ್ಲ. ಅತಿಥಿಗಳು ಒಂದು ಕ್ಷಣ ನಿಂತು, ‘ನೂರು ಲೀಟರಿನದು, ನಾನು ಅದನ್ನು ಹೇಳಬೇಕಾಗಿತ್ತು’ ಅಂದರು. ಇಪ್ಪತ್ತು ವರ್ಷದಿಂದ ತೋಟ ಮಾಡಿದವರೂ ಸೇರಿ ಹತ್ತಾರು ಮಂದಿ ಕಿಸೆಯಿಂದ ಪೆನ್ನು ತೆಗೆದು ಬರೆದುಕೊಂಡದ್ದನ್ನು ನಾವು ಕಣ್ಣಾರೆ ಕಂಡೆವು.

ಇಷ್ಟನ್ನು ಸದಸ್ಯರ ಗಮನಕ್ಕೆ ತಂದಿದ್ದೇವೆ. ನಮ್ಮ ಸಭೆಗಳಲ್ಲಿ ಇನ್ನೂ ತಿದ್ದಬೇಕಾದ್ದು ಇದ್ದರೆ ಅನುಭವಿಗಳು ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ. ಮುಂದಿನ ಸಭೆಗೆ ಬರುವಾಗ ಒಂದು ಪೆನ್ನು, ಒಂದು ಪ್ರಶ್ನೆ ತನ್ನಿ. ಹೇಳಿದ ಹೊತ್ತಿಗೆ ಬಾಗಿಲು ತೆರೆದಿರುತ್ತದೆ, ಸ್ವಾಗತ ಭಾಷಣ ಮೂರು ನಿಮಿಷ ಮೀರುವುದಿಲ್ಲ.

– ಕಾರ್ಯದರ್ಶಿ